ಪ್ರೀತಿಸಿದರೆ ಸಾಲದು, ಠಾಣೆಗೂ ಹೋಗಬೇಕು

ರಾಫಲ್ಸ್ ಎಂಬ ಕಳ್ಳ ಬಲು ಸಂಭಾವಿತ. ಹಗಲು ಕ್ರಿಕೆಟ್ ಆಡುತ್ತಾನೆ, ಸಂಜೆ ದೊಡ್ಡವರ ಮನೆಯ ಔತಣಕ್ಕೆ ಹೋಗುತ್ತಾನೆ, ರಾತ್ರಿ ಅಂಥ ದೊಡ್ಡವರ ಆಭರಣಗಳನ್ನೇ ಎಗರಿಸುತ್ತಾನೆ. 1930ರ ಹಾಲಿವುಡ್ ಚಿತ್ರ ‘ರಾಫಲ್ಸ್’ನಲ್ಲಿ ಈ ಪಾತ್ರ ನಟ ರೊನಾಲ್ಡ್ ಕೋಲ್ಮನ್‌ನದು. ಗ್ವೆನ್ ಎಂಬ ಹುಡುಗಿಯ ಮೇಲೆ ಮನಸ್ಸಾದದ್ದೇ ತಡ, ಕಸುಬಿಗೆ ತಿಲಾಂಜಲಿ ಬಿಡುತ್ತಾನೆ. ಆದರೆ ಬನ್ನಿ ಎಂಬ ಗೆಳೆಯ ಜೂಜಿನ ಸಾಲ ತೀರಿಸಲಾಗದೆ ಸಾಯಲು ಹೊರಡುತ್ತಾನಲ್ಲ! ಇದೊಂದೇ ಸಲ ಎಂದುಕೊಂಡು ರಾಫಲ್ಸ್ ಲೇಡಿ ಮೆಲ್ರೋಸ್‌ಳ ಹಾರಕ್ಕೆ ಕಣ್ಣು ಹಾಕುತ್ತಾನೆ. ಕೊನೆಗೆ ಎಲ್ಲರೆದುರು ತಪ್ಪೊಪ್ಪಿಕೊಂಡು, ದೊಡ್ಡ ಗಡಿಯಾರದೊಳಗಿನ ಗುಪ್ತ ದಾರಿಯಿಂದ ಮಾಯವಾಗುತ್ತಾನೆ. ಗ್ವೆನ್ ಜೊತೆ ಮುಂದಿನ ಭೇಟಿ ಪ್ಯಾರಿಸ್‌ನಲ್ಲಿ.

ಇದನ್ನು ನೋಡಿದ ಯಾವ ಪ್ರೇಕ್ಷಕನೂ ಮನೆಗೆ ಹೋಗಿ ಗಡಿಯಾರದಲ್ಲಿ ಕಿಂಡಿ ಕೊರೆದಿರಲಿಕ್ಕಿಲ್ಲ. ಆದರೂ ನೀತಿ ಕಾಯುವವರಿಗೆ ನಿದ್ದೆ ಬರಲಿಲ್ಲ. ತೆರೆಯ ಮೇಲೆ ಏನು ತೋರಿಸಬಾರದು ಎಂದು ಹೇಳುವ ನೀತಿಸಂಹಿತೆಯೊಂದನ್ನು ಹಾಲಿವುಡ್ ನಿರ್ಮಾಪಕರ ಸಂಘ 1930ರಲ್ಲೇ ಒಪ್ಪಿ ಕಪಾಟಿಗೆ ಸೇರಿಸಿತ್ತು. ಅದರ ಧೂಳು ಕೊಡವಿ, 1934ರಲ್ಲಿ ಸಂಘದ ಸೆನ್ಸಾರ್ ಅಧಿಕಾರಿ ಜೋಸೆಫ್ ಬ್ರೀನ್ ಕೈಗೆ ಕೊಟ್ಟರು. ಅವನ ಮುದ್ರೆಯಿಲ್ಲದೆ ಚಿತ್ರ ಬಿಟ್ಟರೆ 25,000 ಡಾಲರ್ ದಂಡ. ಅಪರಾಧದ ಮೇಲೆ ಪ್ರೇಕ್ಷಕರಿಗೆ ಮರುಕ ಹುಟ್ಟಬಾರದು. ತಿಜೋರಿ ಒಡೆಯುವ ಬಗೆಯನ್ನು ವಿವರವಾಗಿ ತೋರಿಸಬಾರದು. ಅತಿಯಾಗಿ ಮುತ್ತಿಡಲೂಬಾರದು. ಅಂದರೆ ಆಭರಣಗಳ್ಳನ ಕಥೆಯಲ್ಲಿ ಕಳ್ಳತನ ಸರಿಯಾಗಿ ಕಾಣಬಾರದು, ಅವನನ್ನು ತಿದ್ದಿದ ಪ್ರೀತಿಯೂ ಹೆಚ್ಚು ಕಾಣಬಾರದು. ಉಳಿದದ್ದು ಹಾರವೊಂದೇ.

1939ರ ಕೊನೆಗೆ ಅದೇ ನಿರ್ಮಾಪಕ ಸ್ಯಾಮ್ಯುಯಲ್ ಗೋಲ್ಡ್‌ವಿನ್ ಹೆಚ್ಚುಕಡಿಮೆ ಅದೇ ಚಿತ್ರಕಥೆಯನ್ನು ನಟ ಡೇವಿಡ್ ನಿವೆನ್‌ಗೆ ಕೊಟ್ಟು ಮತ್ತೆ ತೆಗೆದ. ಅದೇ ಕಳ್ಳ, ಅದೇ ಹಾರ, ಅದೇ ಗ್ವೆನ್. ಆದರೆ ಈ ಸಲ ರಾಫಲ್ಸ್ ತಾನಾಗಿಯೇ ಪೊಲೀಸರಿಗೆ ಶರಣಾಗುವ ಏರ್ಪಾಡು ಮಾಡಿಕೊಳ್ಳಬೇಕು. ಹೃದಯ ಪರಿವರ್ತನೆಯ ಅರ್ಜಿಗೆ ತಪ್ಪೊಪ್ಪಿಗೆ ಪತ್ರವನ್ನೂ ಲಗತ್ತಿಸದಿದ್ದರೆ ಅದು ತಿರಸ್ಕೃತ.

ಏರ್ನ್‌ಸ್ಟ್ ಲುಬಿಚ್ ತೆಗೆದ 1932ರ ‘ಟ್ರಬಲ್ ಇನ್ ಪ್ಯಾರಡೈಸ್’ ಕಥೆ ಇನ್ನೂ ಚೆನ್ನ. ವೆನಿಸ್‌ನಲ್ಲಿ ಊಟಕ್ಕೆ ಕೂತ ಗಂಡು ಹೆಣ್ಣು, ಇಬ್ಬರೂ ಕಳ್ಳರು. ಮಾತಿನ ನಡುವೆ ಅವಳು ಅವನ ಪರ್ಸ್ ಎಗರಿಸಿದರೆ, ಅವನು ಅವಳ ಕಾಲುಚೀಲದ ಪಟ್ಟಿಯನ್ನೇ ಎಗರಿಸಿರುತ್ತಾನೆ. ಅಲ್ಲಿಗೆ ಪ್ರೇಮ ಪಕ್ಕಾ. ಪ್ರೀತಿ ಇವರನ್ನು ತಿದ್ದುವುದಿಲ್ಲ, ಪಾಲುದಾರರನ್ನಾಗಿ ಮಾಡುತ್ತದೆ. ಕಳ್ಳರಿಬ್ಬರೂ ಒಂದು ದಿನವೂ ಸೆರೆಮನೆ ಕಾಣಲಿಲ್ಲ. ಸೆರೆಯಾದದ್ದು ಚಿತ್ರ: 1935ರಲ್ಲಿ ಮರುಬಿಡುಗಡೆಗೆ ಅನುಮತಿ ಸಿಗದೆ, ದಶಕಗಳ ಕಾಲ ಡಬ್ಬಿಯಲ್ಲೇ ಕೊಳೆಯಿತು.

ನೀತಿ ಕಾಯುತ್ತಿದ್ದ ಈ ನಿರ್ಮಾಪಕರ ಸಂಘದ ಯಜಮಾನರು ವಿಲ್ ಹೇಸ್ ಸಾಹೇಬರು. ಚರ್ಚಿನ ಹಿರಿಯರು, ಅಂಚೆ ಇಲಾಖೆಯ ಮಾಜಿ ಸಚಿವರು, ಅದಕ್ಕೂ ಮೊದಲು ರಿಪಬ್ಲಿಕನ್ ಪಕ್ಷದ ಅಧ್ಯಕ್ಷರು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ನಮ್ಮ ಗಾದೆಯನ್ನು ಅವರು ಕೇಳಿರಲಾರರು. ಸರ್ಕಾರಿ ತೈಲನಿಕ್ಷೇಪದ ಟೀಪಾಟ್ ಡೋಮ್ ಹಗರಣದಲ್ಲಿ ಸಿಕ್ಕಿಬಿದ್ದ ಉದ್ಯಮಿ ಹ್ಯಾರಿ ಸಿಂಕ್ಲೇರ್‌ನಿಂದ ಪಕ್ಷದ ಸಾಲ ತೀರಿಸಲು 2,60,000 ಡಾಲರ್ ಮೌಲ್ಯದ ಬಾಂಡ್‌ಗಳನ್ನು ಪಡೆದಿದ್ದಾಗಿ 1928ರಲ್ಲಿ ಸೆನೆಟ್ ಸಮಿತಿಯ ಮುಂದೆ ಅವರೇ ಒಪ್ಪಿಕೊಂಡರು. ಗೆಳೆಯನ ಸಾಲಕ್ಕಾಗಿ ಹಾರಕ್ಕೆ ಕೈಹಾಕಿದ ರಾಫಲ್ಸ್‌ಗೆ ಲಂಡನ್ ಪೊಲೀಸರ ಸ್ಕಾಟ್ಲೆಂಡ್ ಯಾರ್ಡಿನ ದಾರಿ. ಪಕ್ಷದ ಸಾಲ ತೀರಿಸಿದ ಸಾಹೇಬರು 1945ರ ತನಕ ಅದೇ ಕುರ್ಚಿಯಲ್ಲಿ ಕೂತು ಕಳ್ಳರನ್ನು ತಿದ್ದುತ್ತಿದ್ದರು.