ಚಾರ್ಮಾಡಿಗೆ ದಂಡೆತ್ತಿ ಹೋಗುವ ಕ್ರಮ

ಜೂನ್ ಮೊದಲ ವಾರ ಮುಂಗಾರು ಘಟ್ಟ ಹತ್ತುತ್ತದೆ, ಅದರ ಬೆನ್ನಿಗೇ ಬೆಂಗಳೂರಿನ ಬೈಕ್ ಕ್ಲಬ್ಬುಗಳು ಹತ್ತುತ್ತವೆ. ಮಳೆ ಬರುವುದನ್ನು ಹವಾಮಾನ ಇಲಾಖೆ ತಿಳಿಸುತ್ತದೆ. ಕ್ಲಬ್ ಬರುವುದನ್ನು ಸೈಲೆನ್ಸರ್ ತಿಳಿಸುತ್ತದೆ, ಎರಡು ತಿರುವು ಮುಂಚೆಯೇ. ರೆಡ್ ಅಲರ್ಟ್ ಅಂದರೆ ಮೂಡಿಗೆರೆಯ ಮಕ್ಕಳಿಗೆ ರಜೆ, ಕ್ಲಬ್ಬಿಗೆ ಪೋಸ್ಟರಿನ ತಲೆಬರಹ.

ತಯಾರಿ ತಿಂಗಳ ಮುಂಚೆ ಶುರುವಾಗುತ್ತದೆ. ಟೀಶರ್ಟಿನ ಬಣ್ಣ, ಟ್ಯಾಂಕಿನ ಸ್ಟಿಕ್ಕರಿನ ಅಳತೆ, ಡ್ರೋನ್ ಯಾರು ತರುವುದು, ಎಲ್ಲಕ್ಕೂ ಗ್ರೂಪಿನಲ್ಲಿ ಮತದಾನ ಉಂಟು. ಟೈರಿಗೆ ಮಾತ್ರ ಮತದಾನವಿಲ್ಲ. ಬಟನ್ ಸವೆದು, ಸವೆತ ತೋರಿಸಲೆಂದೇ ಗೆರೆಯೊಳಗಿಟ್ಟ ಉಬ್ಬಿನ ಮಟ್ಟಕ್ಕೆ ಬಂದ ಟೈರನ್ನು ‘ಇನ್ನೊಂದು ಟ್ರಿಪ್ ಓಡುತ್ತೆ ಬಿಡು ಗುರೂ’ ಅನ್ನುವವರು, ಹೆಲ್ಮೆಟ್ಟಿನ ಇಂಟರ್‌ಕಾಮ್‌ಗೆ ಅದೇ ಟೈರಿನ ಎರಡರಷ್ಟು ದುಡ್ಡು ಸುರಿದಿರುತ್ತಾರೆ. ಬೋಳು ಟೈರು ಜಾರುವ ಸದ್ದು ಆ ಇಂಟರ್‌ಕಾಮ್‌ನಲ್ಲಿ ಸ್ಪಷ್ಟವಾಗಿ ಕೇಳುತ್ತದೆ, ಅದರಲ್ಲಿ ಅನುಮಾನವಿಲ್ಲ.

ಪ್ರತಿ ಕ್ಲಬ್ಬಿನಲ್ಲೂ ಒಬ್ಬ ಗುರು ಇರುತ್ತಾನೆ. ಹಾಸನ ದಾಟಿ ಮೊದಲ ಹನಿ ಬಿದ್ದ ಕೂಡಲೇ ಅವನ ಉಪದೇಶ: ‘ಎಲ್ಲರೂ ಗಾಳಿ ಐದು ಪಾಯಿಂಟ್ ಇಳಿಸಿ, ಗ್ರಿಪ್ ಬರುತ್ತೆ.’ ಕೆಸರಿನ ಕಾಡುದಾರಿಗೆ ಸಲ್ಲುವ ಮಾತನ್ನು ಡಾಂಬರಿಗೆ ತಂದು ಹಚ್ಚಿದ್ದಾನೆ. ಡಾಂಬರಿನ ಮೇಲೆ ಗಾಳಿ ಇಳಿದ ಟೈರು ನಡುವೆ ಕುಸಿದು ಗೆರೆಗಳು ಮುಚ್ಚಿಕೊಳ್ಳುತ್ತವೆ. ನೀರು ಹೊರಗೆ ಹೋಗಬೇಕಾದದ್ದೇ ಆ ಗೆರೆಗಳಿಂದ. ಕಂಪನಿ ಕೈಪಿಡಿಯಲ್ಲಿ ಬರೆದಷ್ಟು ಗಾಳಿಯನ್ನು ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಿಕೊಂಡರೆ ಸಾಕು. ಆದರೆ ಕೈಪಿಡಿ ಓದಿದವನನ್ನು ಯಾರೂ ಗುರು ಅನ್ನುವುದಿಲ್ಲವಲ್ಲ.

ಉಡುಪಿನ ವಿಷಯ ಇನ್ನೂ ಸೊಗಸು. ಹದಿನೈದು ಸಾವಿರದ ಜಾಕೆಟ್ಟಿನ ಮಳೆ ಪದರ ಒಳಗಡೆ ಇರುತ್ತದೆ. ಒಳಗಿರುವ ಬನಿಯನ್ ಒಣಗಿಯೇ ಇರುತ್ತದೆ, ಸರಿ. ಹೊರಗಿನ ಬಟ್ಟೆ ಮಾತ್ರ ನೀರು ಕುಡಿದು ಕುಡಿದು ಭಾರವಾಗಿ, ಬೇಲೂರು ದಾಟುವಷ್ಟರಲ್ಲಿ ಗಾಳಿಗೆ ಮೈ ನಡುಗಿಸುತ್ತದೆ. ಗ್ಲೌಸಿನ ಬಾಯಿ ತೋಳಿನ ಮೇಲಿದ್ದರೆ ತೋಳಿನಿಂದ ಇಳಿದ ನೀರೆಲ್ಲ ಬೆರಳಿಗೆ. ತೋಳಿನ ಒಳಗೆ ಸೇರಿಸಿಕೊಳ್ಳಬೇಕೆಂದು ಹಾಲಿನ ಕ್ಯಾನ್ ಕಟ್ಟಿಕೊಂಡು ಟಿವಿಎಸ್ ಓಡಿಸುವವರಿಗೆ ಗೊತ್ತು. ಕೊನೆಗೆ ಕೊಟ್ಟಿಗೆಹಾರದ ಅಂಗಡಿಯಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ಕೋಟು ಕೊಂಡು ಜಾಕೆಟ್ಟಿನ ಮೇಲೆ ಹಾಕಿಕೊಳ್ಳುತ್ತಾರೆ. ಜಾಕೆಟ್ಟಿನ ಬ್ರ್ಯಾಂಡ್ ಹೆಸರು ಅದರೊಳಗಿಂದ ಮಸುಕಾಗಿ ಕಾಣುವುದೊಂದೇ ಸಮಾಧಾನ.

ಕೊಟ್ಟಿಗೆಹಾರದಿಂದ ಕೆಳಗೆ ರಾಷ್ಟ್ರೀಯ ಹೆದ್ದಾರಿ 73 ಮಂಜಿನೊಳಗೆ ಇಳಿಯುತ್ತದೆ. ಇಲ್ಲಿ ಹೆಚ್ಚುವರಿ ದೀಪಗಳ ಉದ್ಘಾಟನೆ. ಗಾರ್ಡಿಗೆ ಬಿಗಿದ ಬಿಳಿ ಎಲ್‌ಇಡಿಗಳನ್ನು ಮೇಲ್ಮುಖವಾಗಿ ಹಾಕಿದರೆ ಬೆಳಕು ಮಂಜಿಗೆ ಬಡಿದು ಸೀದಾ ಅವರದೇ ಕಣ್ಣಿಗೆ ವಾಪಸ್ ಬರುತ್ತದೆ. ದಾರಿ ಕಾಣಬೇಕಾದರೆ ಲೋ ಬೀಮ್ ಇಟ್ಟು, ಫಾಗ್ ಲ್ಯಾಂಪನ್ನು ರಸ್ತೆಯತ್ತ ಬಾಗಿಸಬೇಕು. ಇದರ ಜೊತೆಗೆ ಹಜಾರ್ಡ್. ಇಪ್ಪತ್ತು ಬೈಕು, ಎಂಬತ್ತು ಇಂಡಿಕೇಟರು, ಎಲ್ಲವೂ ಮಿಣುಕು ಮಿಣುಕು. ಹಜಾರ್ಡ್ ಇರುವುದು ಕೆಟ್ಟು ನಿಂತ ಗಾಡಿಗೆ. ಅದು ಉರಿಯುತ್ತಿರುವಾಗ ಎಡವೋ ಬಲವೋ ತೋರಿಸಲು ಇಂಡಿಕೇಟರ್ ಉಳಿಯುವುದಿಲ್ಲ. ಯಾವ ಗಾಡಿ ತಿರುಗುತ್ತದೆ, ಯಾವುದು ನಿಂತಿದೆ ಎಂದು ಎದುರಿನವನು ಕವಡೆ ಹಾಕಿ ತಿಳಿಯಬೇಕು.

ಇನ್ನು ಫಾರ್ಮೇಶನ್. ಒಬ್ಬ ಎಡಕ್ಕೆ, ಹಿಂದಿನವನು ಬಲಕ್ಕೆ, ಹೀಗೆ ಎಡಬಲ ಹಂಚಿದ ಸಾಲು ಹಾಸನದ ನಾಲ್ಕು ಪಥದ ರಸ್ತೆಗೆ ಒಪ್ಪುತ್ತದೆ. ಘಾಟಿಯ ತಿರುವಿನಲ್ಲಿ ಪ್ರತಿಯೊಬ್ಬನಿಗೂ ತನ್ನ ಪಾಲಿನ ಅಗಲ ಪೂರ್ತಿ ಬೇಕು, ಒಬ್ಬರ ಹಿಂದೆ ಒಬ್ಬರು, ಒದ್ದೆಯಲ್ಲಿ ನಡುವೆ ನಾಲ್ಕು ಸೆಕೆಂಡಾದರೂ ಅಂತರ. ಆದರೆ ಒಂಟಿ ಸಾಲು ಡ್ರೋನಿನಲ್ಲಿ ಚೆನ್ನಾಗಿ ಕಾಣುವುದಿಲ್ಲ. ಹಾಗಾಗಿ ಮಂಜಿನಲ್ಲಿ ಡ್ರೋನ್ ಹಾರದಿದ್ದರೂ ಫಾರ್ಮೇಶನ್ ಒಡೆಯುವುದಿಲ್ಲ.

ಮುಂದಾಳು ತಿರುವು ಮುಗಿಸಿ ನಲವತ್ತರಿಂದ ಅರವತ್ತಕ್ಕೆ ಏರಿಸುವಾಗ ಇಪ್ಪತ್ತನೆಯವನು ಇನ್ನೂ ಹಿಂದಿನ ತಿರುವಿನಲ್ಲಿ ಇಪ್ಪತ್ತರಲ್ಲಿ ತೆವಳುತ್ತಿರುತ್ತಾನೆ. ಸಾಲು ಸೇರಬೇಕಾದರೆ ಅವನು ಎಂಬತ್ತರಲ್ಲಿ ಹೋಗಬೇಕು. ಅಂದರೆ ಗುಂಪಿನಲ್ಲಿ ಅತಿ ವೇಗವಾಗಿ ಓಡಿಸುವವನು ಯಾವಾಗಲೂ ಕೊನೆಯವನು. ಕ್ಲಬ್ಬಿನ ನಿಯಮದ ಪ್ರಕಾರ ಕೊನೆಯಲ್ಲಿ ಇರುವವರು ಯಾರು? ಹೊಸಬರು. ಮುಂದಾಳಿನ ಬೆನ್ನಿಗೇ ಇರಬೇಕಾದವರನ್ನು ‘ನಿಧಾನವಾಗಿ ಬನ್ನಿ, ಆರಾಮಾಗಿ’ ಎಂದು ಬಾಲಕ್ಕೆ ಕಟ್ಟಿರುತ್ತಾರೆ.

ಬಾಲದಲ್ಲಿ ಬರುವವನಿಗೆ ಧೈರ್ಯ ಕೊಡುವುದು ಒಂದೇ ಮಂತ್ರ: ‘ಎಬಿಎಸ್ ಇದೆಯಲ್ಲ ಬ್ರೋ.’ ಎಬಿಎಸ್ ಚಕ್ರ ಕಚ್ಚಿಕೊಳ್ಳದಂತೆ ತಡೆಯುತ್ತದೆ. ಪಾಚಿ ಕಟ್ಟಿದ ರಸ್ತೆಯಂಚು, ಕೊಳೆತ ಎಲೆ, ಬಿಳಿ ಪಟ್ಟಿ, ಎಸ್ಟೇಟ್ ಗೇಟಿನೆದುರು ಟ್ರ್ಯಾಕ್ಟರ್ ಎಳೆದು ತಂದ ಕೆಂಪು ಮಣ್ಣು, ಇಲ್ಲೆಲ್ಲ ಇಲ್ಲದ ಹಿಡಿತವನ್ನು ಅದು ಎಲ್ಲಿಂದ ತರಬೇಕು? ಒದ್ದೆ ಡಿಸ್ಕ್ ಮೊದಲ ಕ್ಷಣ ಹಿಡಿಯುವುದೇ ಇಲ್ಲ. ಗಾಬರಿಯಾಗಿ ಇನ್ನಷ್ಟು ಒತ್ತಿದಾಗ ನೀರು ಒರೆಸಿಹೋಗಿ ಒಮ್ಮೆಲೇ ಕಚ್ಚುತ್ತದೆ. ತಿರುವಿಗೆ ಮುಂಚೆ ಬ್ರೇಕನ್ನು ಒಮ್ಮೆ ಹಗುರವಾಗಿ ತಾಗಿಸಿ ಡಿಸ್ಕ್ ಒಣಗಿಸಿ, ಎರಡನೇ ಗೇರಿನಲ್ಲಿ ಎಂಜಿನ್ನಿಗೇ ಬೈಕು ಹಿಡಿಯಲು ಬಿಟ್ಟರೆ ಮುಗಿಯಿತು. ಇದನ್ನು ಬ್ರೀಫಿಂಗಿನಲ್ಲಿ ಹೇಳಲು ಸಮಯವಿರಲಿಲ್ಲ. ಗ್ರೂಪ್ ಫೋಟೊ ಇತ್ತು.

ಮಾರ್ಷಲ್‌ನನ್ನು ಬಿಟ್ಟರೆ ಈ ವೃತ್ತಾಂತ ಪೂರ್ಣವಾಗದು. ಹಸಿರು ವೆಸ್ಟ್ ತೊಟ್ಟು, ತಿರುವಿನ ನಡುವೆ ಬೈಕು ಅಡ್ಡ ನಿಲ್ಲಿಸಿ, ಧರ್ಮಸ್ಥಳದ ಕಡೆಯಿಂದ ಏರಿ ಬರುವ ಕೆಎಸ್‌ಆರ್‌ಟಿಸಿ ಬಸ್ಸಿಗೆ ಅಂಗೈ ತೋರಿಸುತ್ತಾನೆ. ಏರುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕು ಎಂಬುದು ಕಾನೂನು. ತುಂಬಿದ ಬಸ್ಸು ಒದ್ದೆ ಏರಿನಲ್ಲಿ ನಿಂತರೆ ಮತ್ತೆ ಎತ್ತುವುದು ಎಷ್ಟು ಕಷ್ಟವೆಂದು ಕ್ಲಚ್ ವಾಸನೆಯೇ ಹೇಳುತ್ತದೆ.

‘ಯಾರ ಮೆರವಣಿಗೆ ಮಾರಾಯ್ರೆ?’ ಅಂತ ಡ್ರೈವರ್.

‘ಎರಡೇ ನಿಮಿಷ ಅಣ್ಣಾ, ಫಾರ್ಮೇಶನ್ ಕಟ್ ಆಗಬಾರದು.’

ಬಸ್ಸಿನಲ್ಲಿ ಐವತ್ತು ಜನ. ಅವರದ್ದು ಫಾರ್ಮೇಶನ್ ಅಲ್ಲ, ಬರೀ ಪ್ರಯಾಣ.

ಕಾಡಿನ ಮೌನ ಸವಿಯಲು ಬಂದವರು ಸೈಲೆನ್ಸರಿನ ಸದ್ದು ತಗ್ಗಿಸುವ ಡಿಬಿ ಕಿಲ್ಲರ್ ಬಿಚ್ಚಿ ಟ್ಯಾಂಕ್ ಬ್ಯಾಗಿನಲ್ಲಿ ಇಟ್ಟಿರುತ್ತಾರೆ. ಮೋಟಾರು ವಾಹನ ಕಾಯ್ದೆಯ 190(2) ಪ್ರಕಾರ ಇದಕ್ಕೆ 10,000 ರೂಪಾಯಿವರೆಗೆ ದಂಡವುಂಟು, ಮೂರು ತಿಂಗಳು ಲೈಸೆನ್ಸೂ ಹೋಗುತ್ತದೆ. ಚೆಕ್‌ಪೋಸ್ಟ್ ಕಂಡಾಗ ಅಲೆನ್ ಕೀಯಿಂದ ಅದನ್ನು ಮರಳಿ ಬಿಗಿಯುವ ಚುರುಕುತನ ನೋಡಬೇಕು. ಪಂಕ್ಚರ್ ತೆಗೆಯಲು ಇವರ ಕೈ ಇಷ್ಟು ಬೇಗ ಓಡುವುದಿಲ್ಲ.

2024ರ ಜುಲೈಯಲ್ಲಿ ಚಾರ್ಮಾಡಿಯ ಜಲಪಾತಕ್ಕೆ ಇಳಿದು ಮೀಯುತ್ತಿದ್ದ ಪ್ರವಾಸಿಗರ ಬಟ್ಟೆಯನ್ನೇ ಪೊಲೀಸರು ಎತ್ತಿಕೊಂಡು ಹೋಗಿದ್ದರು. ಕ್ಲಬ್ಬಿನವರಿಗೆ ಆ ಭಯವಿಲ್ಲ. ಮೊಣಕಾಲು ಗಾರ್ಡು, ಬೂಟು, ಒದ್ದೆ ಜಾಕೆಟ್ಟು ಬಿಚ್ಚುವುದರೊಳಗೆ ಪೊಲೀಸರ ಪಾಳಿಯೇ ಮುಗಿದಿರುತ್ತದೆ. ಕ್ಲಬ್ಬಿನವರು ರಸ್ತೆಯಲ್ಲೇ ನಿಲ್ಲುತ್ತಾರೆ, ಅದೂ ಗುಡ್ಡದ ಮಗ್ಗುಲಲ್ಲಿ. 2019ರ ಆಗಸ್ಟಿನಲ್ಲಿ ಇದೇ ಘಾಟಿ ಹಲವು ಕಡೆ ಕುಸಿದಿತ್ತು. ನೀರು ಜಿನುಗುವ ಹಸಿ ಮಣ್ಣಿನ ಗೋಡೆ ಹಿನ್ನೆಲೆಗೆ ಚೆನ್ನಾಗಿ ಬರುತ್ತದಂತೆ.

ಮೆತ್ತಗಿನ ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡಿನ ಕೆಳಗೆ ಒಂದು ಚಪ್ಪಟೆ ಕಲ್ಲೋ, ತಗಡಿನ ತುಂಡೋ ಇಡಬೇಕು. ಇಡುವುದಿಲ್ಲ. ಎರಡು ಕ್ವಿಂಟಲ್ ತೂಕದ ಬೈಕು ಫೋಟೊ ಕ್ಲಿಕ್ಕಾಗುವ ಹೊತ್ತಿಗೆ ಮೆಲ್ಲಗೆ ಹೂತು ವಾಲಿ ಪಕ್ಕದ್ದಕ್ಕೆ ಒರಗುತ್ತದೆ, ಅದು ಇನ್ನೊಂದಕ್ಕೆ. ಕೆಳಗೆ ಬಿದ್ದದ್ದರ ಕ್ಲಚ್ ಲಿವರ್ ಬುಡದಲ್ಲೇ ಮುರಿಯುತ್ತದೆ. ಇಪ್ಪತ್ತು ಬೈಕಿನ ಪೆಟ್ಟಿಗೆ ತಡಕಿದರೂ ಬಿಡಿ ಲಿವರ್ ಸಿಗುವುದಿಲ್ಲ, ಕೇಬಲ್ಲೂ ಇಲ್ಲ. ಡ್ರೋನಿನ ಬ್ಯಾಟರಿ ನಾಲ್ಕು ಸಿಗುತ್ತವೆ. ಬೈಕನ್ನು ಪಿಕಪ್ಪಿಗೆ ಏರಿಸಿ, ಹಗ್ಗ ಬಿಗಿದು, ಮೂಡಿಗೆರೆಗೆ ಸಾಗಿಸಿದ್ದು ತರಕಾರಿ ಹೇರಲು ಹೊರಟಿದ್ದ ಡ್ರೈವರ್. ಬಾಡಿಗೆ ಅವನು ಹೇಳಿದಷ್ಟು.

ಸೋಮವಾರ ಕ್ಲಬ್ಬಿನ ಪುಟದಲ್ಲಿ ಒಂದು ಪ್ರಕಟಣೆ ಬರುತ್ತದೆ, ಹೆದ್ದಾರಿ ಇಲಾಖೆಗೆ ಟ್ಯಾಗ್ ಮಾಡಿ: ಚಾರ್ಮಾಡಿಯಲ್ಲಿ ರಸ್ತೆ ಬದಿಯ ಮಣ್ಣು ತೀರಾ ಒದ್ದೆಯಾಗಿದ್ದು, ಕೂಡಲೇ ಕ್ರಮ ಕೈಗೊಳ್ಳಬೇಕು.