ಇವತ್ತು ಆಟ ಎಲ್ಲಿ?

ನಲವತ್ತು ದಾಟಿದವನು ಹೆಲ್ಮೆಟ್ ಹಾಕಿಕೊಂಡು ಬೈಕ್ ಹತ್ತಿದರೆ ಯಾರೂ ತಿರುಗಿ ನೋಡುವುದಿಲ್ಲ. 2023ರ ಜೂನ್‌ನಲ್ಲಿ ಕೇರಳದ ಎಐ ಕ್ಯಾಮೆರಾಗಳು ದಂಡ ಹಾಕತೊಡಗಿದ ಮೇಲಂತೂ ಕಾಸರಗೋಡಿನಲ್ಲಿ ಹಿಂದೆ ಕೂತವರ ತಲೆಯ ಮೇಲೂ ಒಂದು ಇರುತ್ತದೆ. ಆದರೆ ಅದೇ ಮನುಷ್ಯ ಹೆಲ್ಮೆಟ್ಟಿನ ಜೊತೆಗೆ ಮೊಣಕಾಲಿಗೆ ಪ್ಯಾಡ್, ಮೊಣಕೈಗೆ ಪ್ಯಾಡ್, ಮಣಿಕಟ್ಟಿಗೆ ಗಾರ್ಡ್ ಎಲ್ಲ ಕಟ್ಟಿಕೊಂಡು ನಾಲ್ಕು ಚಕ್ರದ ಹಲಗೆಯ ಮೇಲೆ, ಅಂದರೆ ಸ್ಕೇಟ್‌ಬೋರ್ಡಿನ ಮೇಲೆ ನಿಂತರೆ ಬಸ್ಸಿನವನೂ ಒಮ್ಮೆ ಸ್ಲೋ ಮಾಡುತ್ತಾನೆ.

ನಮ್ಮದು ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ಕಡೆ. ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ಸೀಮೆ, ಯಕ್ಷಗಾನದ ಆಟ ನೋಡದೆ ಬೆಳೆದವರು ಕಡಿಮೆ. ಹಾಗಾಗಿ ನಾನು ಸಂಜೆ ಜಗಲಿಯಲ್ಲಿ ಕೂತು ಚರ್‌ರ್ ಚರ್‌ರ್ ಎಂದು ವೆಲ್ಕ್ರೋ ಪಟ್ಟಿ ಬಿಗಿಯುವಾಗ ದಾರಿಯಲ್ಲಿ ಹೋಗುವವರಿಗೆ ಆಟದವರು ವೇಷ ಕಟ್ಟುವ ಚೌಕಿ ನೆನಪಾಗದೆ ಇರುತ್ತದಾ? "ಎಂತ ಮಾರಾಯ್ರೆ, ವೇಷ ಕಟ್ಟಿ ಆಯ್ತು, ಇವತ್ತು ಆಟ ಎಲ್ಲಿ?" ಈ ಪ್ರಶ್ನೆಗೆ ಉತ್ತರ ಕೊಡುವುದನ್ನು ನಾನು ಬಿಟ್ಟಿದ್ದೇನೆ. ಒಂದು ಮಾತ್ರ ನಿಜ, ವೇಷ ಕಟ್ಟುವುದಾದರೆ ಪೂರ್ತಿ ಕಟ್ಟಬೇಕು. ಬರೀ ಹೆಲ್ಮೆಟ್ ಹಾಕಿ ಕೈಕಾಲು ಬರಿದಾಗಿ ಬಿಟ್ಟವನು ನೋಡುವವರಿಗೆ ಇನ್ನೂ ತಮಾಷೆ.

ಎಲ್ಲರೂ ಕೇಳುವುದು ಹೆಲ್ಮೆಟ್ ಬಗ್ಗೆ. ಅದು ಬೇಕೇ ಬೇಕು, ಅದರಲ್ಲಿ ಮಾತಿಲ್ಲ. ಬೈಕಿನದ್ದನ್ನೇ ಹಾಕಿದರೆ ಸಾಲದಾ ಅಂದರೆ, ಹಾಕಿ ನೋಡಿ. ಕಿವಿ ಮುಚ್ಚುತ್ತದೆ, ಹಿಂದಿನಿಂದ ಬರುವ ಜೀಪು ಕೇಳುವುದಿಲ್ಲ, ಏಪ್ರಿಲ್ ಸೆಕೆಯಲ್ಲಿ ಒಳಗೆ ತಲೆ ಬೇಯುತ್ತದೆ. ಸೈಕಲ್ ಹೆಲ್ಮೆಟ್ ಹಗುರ, ಆದರೆ ಅದರೊಳಗಿನ ಥರ್ಮಾಕೋಲಿನಂಥ ಫೋಮ್ ಒಂದು ದೊಡ್ಡ ಏಟಿಗೆ ಜಜ್ಜಿಹೋಗುತ್ತದೆ, ಮತ್ತೆ ಉಬ್ಬುವುದಿಲ್ಲ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಸ್ಕೇಟಿಂಗಿನಲ್ಲಿ ಬೀಳುವುದು ಒಂದೇ ಸಲ ಅಲ್ವಲ್ಲ. ಅದಕ್ಕೇ ಸ್ಕೇಟ್ ಹೆಲ್ಮೆಟ್‌ಗೆ ಬೇರೆಯೇ ಪರೀಕ್ಷೆ ಇದೆ. ಎಎಸ್‌ಟಿಎಂ ಎಫ್1492 ಎಂದು ಒಳಗಿನ ಸ್ಟಿಕರಿನಲ್ಲಿ ಬರೆದಿರುತ್ತದೆ. ಒಂದಕ್ಕಿಂತ ಹೆಚ್ಚು ಏಟು ತಡೆಯುತ್ತದಾ ಎಂದು ನೋಡಿ ಕೊಡುವ ಗುರುತು ಅದು. ಹಲಗೆ ಮುಂದಕ್ಕೆ ಜಾರಿ ಮನುಷ್ಯ ಹಿಂದಕ್ಕೆ ಬೀಳುವುದು ಇಲ್ಲಿ ಮಾಮೂಲು, ಅದಕ್ಕೆ ತಲೆಯ ಹಿಂಭಾಗವೂ ಕೆಳಗಿನವರೆಗೆ ಮುಚ್ಚಿರುತ್ತದೆ.

ಆದರೆ ನನ್ನ ಕೇಳಿದರೆ ದಿನನಿತ್ಯಕ್ಕೆ ಉಪಕಾರ ಜಾಸ್ತಿ ಮಾಡುವುದು ಮಣಿಕಟ್ಟಿನ ಗಾರ್ಡ್. ಬೀಳುವಾಗ ಬುದ್ಧಿಗಿಂತ ಮೊದಲು ಕೈ ಓಡುತ್ತದೆ. ಎಷ್ಟು ಹೇಳಿಕೊಂಡರೂ ಅಂಗೈ ಮುಂದೆ ಹೋಗಿಯೇ ಹೋಗುತ್ತದೆ, ಮೈಭಾರವೆಲ್ಲ ಮಣಿಕಟ್ಟಿನ ಮೇಲೆ. ಅಲ್ಲಿ ಹೆಬ್ಬೆರಳಿನ ಬುಡದ ಹತ್ತಿರ ಸ್ಕಾಫಾಯ್ಡ್ ಎಂಬ ಪುಟ್ಟ ಎಲುಬೊಂದಿದೆ. ಅದಕ್ಕೆ ರಕ್ತ ಹೋಗುವುದೇ ಕಡಿಮೆ, ಹಾಗಾಗಿ ಮುರಿದರೆ ಕೂಡುವುದಕ್ಕೆ ತಿಂಗಳುಗಟ್ಟಲೆ ಬೇಕು. ಕೆಲವೊಮ್ಮೆ ಮೊದಲ ಎಕ್ಸ್‌ರೇಯಲ್ಲಿ ಬಿರುಕು ಕಾಣುವುದೂ ಇಲ್ಲ. ಸುಮ್ನೆ ಉಳುಕಿದೆ ಎಂದುಕೊಂಡು ಎಣ್ಣೆ ತಿಕ್ಕುತ್ತಾ ಕೂರುತ್ತೇವೆ.

ಗಾರ್ಡಿನೊಳಗೆ ಇರುವುದು ಬಾಗಿದ ಒಂದು ಪ್ಲಾಸ್ಟಿಕ್ ಪಟ್ಟಿ, ಅಷ್ಟೇ. ಅಂಗೈ ನೆಲಕ್ಕೆ ಕಚ್ಚಿ ನಿಲ್ಲುವ ಬದಲು ಆ ಪಟ್ಟಿಯ ಮೇಲೆ ಜಾರುತ್ತದೆ. ನನ್ನದರ ಮೇಲೆ ಈಗ ಉದ್ದುದ್ದ ಗೀರುಗಳು, ಗೀರಿನೊಳಗೆ ಕೂತ ಮುರಕಲ್ಲಿನ ಕೆಂಪು ಹುಡಿ ಬ್ರಷ್ಷಿನಲ್ಲಿ ಉಜ್ಜಿದರೂ ಹೋಗುವುದಿಲ್ಲ. ಆ ಒಂದೊಂದು ಗೀರೂ ನನ್ನ ಅಂಗೈಯಲ್ಲಿ ಇರಬೇಕಾಗಿದ್ದದ್ದು.

ಮಕ್ಕಳು ಇದೆಲ್ಲ ಇಲ್ಲದೆ ಆಡುವುದಿಲ್ಲವಾ? ಆಡುತ್ತಾರೆ, ಆಡಬಾರದು. ಆದರೂ ಅವರ ಎಲುಬಿಗೂ ನಮ್ಮ ಎಲುಬಿಗೂ ಫರಕು ಇದೆ. ಮಕ್ಕಳ ಎಲುಬು ಎಷ್ಟೋ ಸಲ ಒಂದು ಬದಿ ಬಿರಿದು ಇನ್ನೊಂದು ಬದಿ ಬಾಗಿ ನಿಲ್ಲುತ್ತದೆ, ಬೇಗ ಕೂಡುತ್ತದೆ. ನಮ್ಮದು ಹಾಗಲ್ಲ. ಮೇಲಾಗಿ ಹುಡುಗ ಕೈಗೆ ಪ್ಲಾಸ್ಟರ್ ಹಾಕಿಕೊಂಡರೆ ಶಾಲೆಯಲ್ಲಿ ಎಲ್ಲರೂ ಅದರ ಮೇಲೆ ಹೆಸರು ಬರೆಯುತ್ತಾರೆ. ನಾನು ಹಾಕಿಕೊಂಡರೆ ಸ್ಕೂಟರ್ ಯಾರು ಬಿಡುವುದು, ಅಡಿಕೆ ಯಾರು ಸುಲಿಯುವುದು, ಮನೆಯಲ್ಲಿ ಎಷ್ಟು ದಿನ ಬೈಸಿಕೊಳ್ಳುವುದು?

ಒಲಿಂಪಿಕ್ಸ್‌ನಲ್ಲಿ ಸ್ಕೇಟ್‌ಬೋರ್ಡ್ ಆಡುವವರಲ್ಲಿ 18 ತುಂಬದವರಿಗೆ ಮಾತ್ರ ಹೆಲ್ಮೆಟ್ ಕಡ್ಡಾಯ. ದೊಡ್ಡವರ ತಲೆ ದೊಡ್ಡವರ ಇಷ್ಟಕ್ಕೆ. ಬೀದಿ ಸ್ಕೇಟಿಂಗಿನ ದೊಡ್ಡ ಹುಡುಗರು ಬರಿತಲೆಯಲ್ಲೇ ಕಂಬಿಯ ಮೇಲೆ ಜಾರುವುದನ್ನು ಟಿವಿಯಲ್ಲಿ ನೋಡಿದ್ದೇವೆ. ಆದರೆ 2024ರ ಪ್ಯಾರಿಸ್‌ನಲ್ಲಿ ಬ್ರಿಟನ್ನಿನ ಆಂಡಿ ಮ್ಯಾಕ್‌ಡೊನಾಲ್ಡ್ ಅಂತ ಒಬ್ಬರು ಬೋಗುಣಿಯಂಥ ಗುಂಡಿಯಲ್ಲಿ ಆಡುವ ಪಾರ್ಕ್ ಸ್ಪರ್ಧೆಗೆ ಇಳಿದರು, ವಯಸ್ಸು 51. ತಲೆಗೆ ಹೆಲ್ಮೆಟ್, ಮೊಣಕಾಲಿಗೆ ದಪ್ಪ ಪ್ಯಾಡ್. ಹೆಂಗಸರ ಪಾರ್ಕ್ ಸ್ಪರ್ಧೆಯಲ್ಲಿ ಚೀನಾದ 11 ವರ್ಷದ ಹುಡುಗಿ ಇದ್ದಳು. ನಮ್ಮಂಥವರು ಅನುಸರಿಸಬೇಕಾದ್ದು ಆ 51ರವರನ್ನೇ ಎಂದು ನಾನು ಆಗಲೇ ತೀರ್ಮಾನ ಮಾಡಿಕೊಂಡೆ.

ಪ್ಯಾಡ್ ಹಾಕುವುದು ಬರೀ ಗಾಯ ತಪ್ಪಿಸಲಿಕ್ಕೆ ಅಂತ ಜನ ತಿಳಿದಿದ್ದಾರೆ. ಅದು ಕಲಿಯುವುದಕ್ಕೂ ಬೇಕು. ಎತ್ತರದ ರ್‍ಯಾಂಪಿನಲ್ಲಿ ಆಡುವವರು ತಪ್ಪಿದಾಗ ಬೇಕೆಂದೇ ಎರಡೂ ಮೊಣಕಾಲು ಊರಿ, ಪ್ಯಾಡಿನ ಪ್ಲಾಸ್ಟಿಕ್ ಚಿಪ್ಪಿನ ಮೇಲೆ ಕೆಳಗಿನವರೆಗೆ ಜಾರಿ ಬರುತ್ತಾರೆ. ಅದನ್ನೂ ಅಭ್ಯಾಸ ಮಾಡುತ್ತಾರೆ. ಉದ್ದ ಹಲಗೆಯಲ್ಲಿ ಇಳಿಜಾರು ಇಳಿಯುವ ಲಾಂಗ್‌ಬೋರ್ಡಿನವರ ಗ್ಲೌಸಿನಲ್ಲಿ ಅಂಗೈಗೆ ಗಟ್ಟಿ ಬಿಲ್ಲೆ ಅಂಟಿಸಿರುತ್ತದೆ, ಆ ಬಿಲ್ಲೆಯನ್ನು ರಸ್ತೆಗೆ ಒತ್ತಿ ಹಲಗೆಯನ್ನು ಅಡ್ಡ ತಿರುಗಿಸಿ ವೇಗ ಇಳಿಸುತ್ತಾರೆ. ಗ್ಲೌಸೇ ಅಲ್ಲಿ ಬ್ರೇಕು. ಏನೂ ಹಾಕದ ದೊಡ್ಡವನು ಹಲಗೆಯ ಮೇಲೆ ಹೇಗೆ ನಿಲ್ಲುತ್ತಾನೆ ಗೊತ್ತಾ? ಮೊಣಕಾಲು ಸೆಟೆದು, ಹೆಗಲು ಕಿವಿಗೆ ಏರಿಸಿ, ಕಣ್ಣು ಕಾಲ ಬುಡದಲ್ಲಿ. ಬೀಳುತ್ತೇನೆಂಬ ಹೆದರಿಕೆಗೆ ಮೈ ಬಿಗಿಯುತ್ತದೆ, ಮೈ ಬಿಗಿದದ್ದಕ್ಕೇ ಬೀಳುತ್ತಾನೆ. ಪ್ಯಾಡ್ ಕಟ್ಟಿದ ಕೂಡಲೇ ಮೊಣಕಾಲು ತನ್ನಷ್ಟಕ್ಕೆ ಸಡಿಲವಾಗುತ್ತದೆ.

ಬೀಳಲಿಕ್ಕೆ ನಮ್ಮಲ್ಲಿ ಜಾಗವೂ ಬೇಕಾದಷ್ಟಿದೆ. ರಸ್ತೆ ಅಂಚಿನ ಮುರಕಲ್ಲಿನ ಚೂರು ಮಳೆಗೆ ಡಾಮರಿನ ಮೇಲೆ ಬಂದು ಕೂತಿರುತ್ತದೆ. 52 ಮಿಲಿಮೀಟರಿನ ಗಟ್ಟಿ ಚಕ್ರದ ಸಣ್ಣ ಸ್ಕೇಟ್‌ಬೋರ್ಡಿಗೆ ಕಡಲೆಯಷ್ಟು ಕಲ್ಲು ಸಾಕು, ಬೋರ್ಡು ಅಲ್ಲೇ ನಿಲ್ಲುತ್ತದೆ, ನಾವು ಮುಂದೆ ಹೋಗುತ್ತೇವೆ. 70 ಮಿಲಿಮೀಟರಿನ ಮೆತ್ತಗಿನ ಚಕ್ರದ ಲಾಂಗ್‌ಬೋರ್ಡ್ ಅಂಥದ್ದನ್ನೆಲ್ಲ ದಾಟುತ್ತದೆ, ಆದರೆ ಇಳಿಜಾರು ಸಿಕ್ಕಿದರೆ ವೇಗ ಏರಿ ನಡುಗತೊಡಗುತ್ತದೆ. ಮನೆಯ ಸಿಮೆಂಟ್ ಅಂಗಳ ಎಲ್ಲಕ್ಕಿಂತ ಒಳ್ಳೆಯದು, ಹೌದು. ಆದರೆ ಬೇಸಿಗೆಯಲ್ಲಿ ಅಲ್ಲಿ ಅಡಿಕೆ ಒಣಗುತ್ತಿರುತ್ತದೆ, ಮಳೆಗಾಲದಲ್ಲಿ ಪಾಚಿ. ನಡುವೆ ಸಿಗುವ ನಾಲ್ಕು ದಿನ ನನ್ನದು.

ನಮ್ಮ ತೋಟಕ್ಕೆ ಕೊಯ್ಲಿಗೆ ಬರುವವರೊಬ್ಬರಿದ್ದಾರೆ. ಕಾಲಿಗೆ ಮರ ಹತ್ತುವ ಒಂದು ತಳೆ, ತಲೆಗೆ ಅಡಿಕೆ ಹಾಳೆಯ ಹಾಳೆಟೊಪ್ಪಿ, ಅಷ್ಟರಲ್ಲೇ ತೆಂಗಿಗಿಂತ ಎತ್ತರದ ಅಡಿಕೆ ಮರ ಹತ್ತಿ ಒಂದರಿಂದ ಇನ್ನೊಂದಕ್ಕೆ ದಾಟುತ್ತಿದ್ದವರು. ನೆಲದಿಂದ ಒಂದು ಗೇಣು ಮೇಲೆ ನಿಲ್ಲಲಿಕ್ಕೆ ನಾನು ಇಷ್ಟೆಲ್ಲ ಕಟ್ಟಿಕೊಳ್ಳುವುದನ್ನು ಕಂಡು ಅವರು ಜಗಲಿಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ, ಅವರಿಗೆ ಆ ಹಕ್ಕು ಇದೆ. ಆದರೆ ಈಚೆಗೆ ಅವರೂ ಕಾರ್ಬನ್ ಫೈಬರಿನ ದೋಟಿ ಹಿಡಿದು ನೆಲದ ಮೇಲೆ ನಿಂತೇ ಗೊನೆ ಕೊಯ್ಯುತ್ತಾರೆ. ಏನು, ಹತ್ತುವುದು ಬಿಟ್ಟಿರಾ ಎಂದು ಕೇಳಿದೆ. "ಪ್ರಾಯ ಆಯ್ತಲ್ಲ ಧಣಿ, ಇನ್ನು ಬಿದ್ದರೆ ಯಾರು ನೋಡುವುದು?" ಅಂದವರೇ ನನ್ನ ಹೆಲ್ಮೆಟ್ ಎತ್ತಿ ತಲೆಗೆ ಹಾಕಿ ನೋಡಿದರು. ಹಾಳೆಟೊಪ್ಪಿಯೇ ವಾಸಿ, ಇದರಲ್ಲಿ ಬೆವರುತ್ತದೆ ಎಂದು ವಾಪಸ್ ಕೊಟ್ಟರು.