ಬೆಕ್ಕು ಕೊಡುವಾಗ ಅದರ ಮಾತನ್ನೂ ಕೊಡಿ

ಕಳೆದ ವರ್ಷ ಶ್ರಾವಣಕ್ಕೆ ಮುಂಚೆ, ಜಿಟಿಜಿಟಿ ಮಳೆ ಹಿಡಿದಿದ್ದ ಒಂದು ಮುಂಜಾನೆ, ಧಾರವಾಡದ ನಮ್ಮ ಮಾಳಮಡ್ಡಿ ಓಣಿಯ ಕಾಕು ಪುಣೆಗೆ ಹೊರಟರು. ಮಗನ ಮನೆ ಆರನೇ ಮಹಡಿಯಲ್ಲಿದೆ. ಅಲ್ಲಿ ಬೆಕ್ಕು ಸಾಕಲು ಆಗುವುದಿಲ್ಲ. ಒಂಬತ್ತು ವರ್ಷ ಜೊತೆಗಿದ್ದ ಮೂರು ಬಣ್ಣದ ಬೆಕ್ಕನ್ನು ನನ್ನ ಕೈಗೆ ಕೊಟ್ಟರು. ಅದರ ಬುಟ್ಟಿ, ಹಾಸಿಕೊಳ್ಳುವ ಹಳೆಯ ಸೀರೆ, ಉಣ್ಣುವ ಹಿತ್ತಾಳೆ ವಾಟಗಾ ಎಲ್ಲ ಕೊಟ್ಟರು. "ನಿನ್ನ ಮನ್ಯಾಗ ಇದ್ರ ನನಗ ಚಿಂತಿ ಇಲ್ಲವಾ" ಅಂದರು. ರಿಕ್ಷಾ ಹತ್ತುವಾಗ ಹಿಂದೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಇಳಿದುಬಿಡುತ್ತಿದ್ದರು ಅಂತ ನನಗೆ ಗೊತ್ತಿತ್ತು.

ಓಣಿಯಲ್ಲಿ ಎಲ್ಲರಿಗೂ ಆ ಬೆಕ್ಕು 'ಸೋನಿ'. ನಾನೂ ಹಾಗೇ ಕರೆದೆ. ಅದು ಮಂಚದ ಕೆಳಗೆ, ಗೋಡೆಗೆ ಹತ್ತಿಕೊಂಡು ಕೂತಿತ್ತು. "ಸೋನಿ, ಬಾ" ಅಂದೆ. ಅಲುಗಲಿಲ್ಲ. ಹಾಲು ಇಟ್ಟೆ, ಮೊಸರನ್ನ ಇಟ್ಟೆ, ಅಂಗಡಿಯ ಬೆಕ್ಕಿನ ಕಾಳು ತಂದಿಟ್ಟೆ. ಮುಟ್ಟಲಿಲ್ಲ. ಒಂದು ದಿನ ಹೋಯಿತು. ಎರಡನೇ ದಿನವೂ ಅಷ್ಟೇ. ಡಾಕ್ಟರಿಗೆ ಫೋನ್ ಮಾಡಿದೆ. "ಇನ್ನೂ ಕಾಯಬೇಡಿ, ಹೇಗಾದ್ರೂ ಮಾಡಿ ತಿನ್ನಿಸಿ, ಇಲ್ಲಾಂದ್ರೆ ಕರ್ಕೊಂಡು ಬನ್ನಿ" ಅಂದರು. ಬೆಕ್ಕಿಗೆ ಉಪವಾಸ ಆಗಿಬರುವುದಿಲ್ಲ. ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಯಲ್ಲಿರುವ ಕೊಬ್ಬೆಲ್ಲ ಹೋಗಿ ಲಿವರಿನಲ್ಲಿ ಸೇರಲು ಶುರುವಾಗುತ್ತದೆ. ಆಮೇಲೆ ಜೀವ ಉಳಿಸುವುದೇ ಕಷ್ಟ. ಮೈ ತುಂಬಿಕೊಂಡ ಬೆಕ್ಕುಗಳಿಗೆ ಇದು ಇನ್ನೂ ಅಪಾಯ. ಕಾಕು ಬೆಕ್ಕು ಚೆನ್ನಾಗಿ ಮೈ ತುಂಬಿಕೊಂಡೇ ಇತ್ತು.

ಆ ಸಂಜೆ ಕಾಕುಗೆ ಫೋನ್ ಹಚ್ಚಿದೆ. ಅವರನ್ನು ನೋಯಿಸಬಾರದು ಅಂತ ಎರಡು ದಿನ ಸುಮ್ಮನಿದ್ದೆ. ಅದು ತಪ್ಪಾಗಿತ್ತು.

"ಕಾಕೂ, ಸೋನಿ ಏನೂ ತಿನ್ನವಲ್ದು."

"ಅಯ್ಯ, ಸೋನಿ ಅಂದ್ರ ಅದಕ್ಕೇನ್ ತಿಳೀಬೇಕವಾ! ಅದು ಮೊಮ್ಮಗಳು ಸೂಟಿಗೆ ಬಂದಾಗ ಇಟ್ಟ ಹೆಸರು. ನಾ ಒಂದಿನಾನೂ ಹಂಗ ಕರದಿಲ್ಲ. ನಾ ಅದಕ್ಕ ಬಾಳಾ ಅಂತೀನಿ."

ಆಮೇಲೆ ಅಡುಗೆ ಹೇಳಿಕೊಡುವ ಹಾಗೆ ಹೇಳಿಕೊಟ್ಟರು. "ವಾಟಗಾಕ್ಕ ಚಮಚಾದ್ಲೆ ಮೂರು ಸಲ ಬಡಿ. ಸಾವಕಾಶ. ಆಮ್ಯಾಲೆ 'ಬಾಳಾ, ಉಣ್ಣ ಬಾ' ಅನ್ನು. ಮೊದಲ ಬಡಿಯೂದು, ಆಮ್ಯಾಲೆ ಕರಿಯೂದು. ತಿರುವುಮುರುವು ಮಾಡಬ್ಯಾಡ."

ಸ್ಪೀಕರ್ ಹಾಕಿ ಫೋನನ್ನು ನೆಲದ ಮೇಲಿಟ್ಟೆ. ಚಮಚದಿಂದ ಮೂರು ಸಲ ಬಡಿದೆ. ಪುಣೆಯಿಂದ ಕಾಕು "ಬಾಳಾ" ಅಂದರು. ಬೆಕ್ಕು ಎದ್ದು ಓಡಿ ಬಂತು ಅಂತ ಬರೆದರೆ ಸುಳ್ಳಾಗುತ್ತದೆ. ಬಂದಿಲ್ಲ. ಆದರೆ ಎರಡು ದಿನ ಹಿಂದಕ್ಕೆ ಮಡಚಿಕೊಂಡಿದ್ದ ಕಿವಿ ನೆಟ್ಟಗಾಯಿತು. ಬಲಗಿವಿ ಫೋನಿನ ಕಡೆ ತಿರುಗಿತು. ರಾತ್ರಿ ಹನ್ನೊಂದರ ಸುಮಾರಿಗೆ, ನಾನು ದೀಪ ಆರಿಸಿ ಇನ್ನೊಮ್ಮೆ ಬಡಿದು "ಬಾಳಾ, ಉಣ್ಣ ಬಾ" ಅಂದಾಗ ಮಂಚದ ಕೆಳಗಿಂದ ಮೆಲ್ಲಗೆ ಹೊರಗೆ ಬಂತು. ನಾಲ್ಕು ತುತ್ತು ಮೊಸರನ್ನ ತಿಂದಿತು. ಕತ್ತಲಲ್ಲಿ ಅದು ನೆಕ್ಕುವ ಸದ್ದು ಕೇಳುತ್ತಾ ನಾನು ಅತ್ತುಬಿಟ್ಟೆ.

ಮಾಳಮಡ್ಡಿಯಲ್ಲಿ ಹಗಲೂ ರಾತ್ರಿ ರೈಲಿನ ಸದ್ದು. ಗೂಡ್ಸ್ ಗಾಡಿ ಹೋದರೂ ಈ ಬೆಕ್ಕು ಕಣ್ಣು ತೆರೆಯುವುದಿಲ್ಲ. ಅಂಥದ್ದು ಒಂದು ಚಮಚದ ಸದ್ದಿಗೆ ಜೀವ ಹಿಡಿದುಕೊಂಡಿತು.

ಆ ರಾತ್ರಿಯಿಂದ ನಾನು ಬೆಕ್ಕಿನ ಕಿವಿಯ ಬಗ್ಗೆ ಸಿಕ್ಕಿದ್ದೆಲ್ಲ ಓದಲು ಶುರು ಮಾಡಿದೆ. ಜಪಾನಿನ ಅತ್ಸುಕೊ ಸೈತೊ ಮತ್ತು ಅವರ ಜೊತೆಗಾರರು 2013ರಲ್ಲಿ 20 ಬೆಕ್ಕುಗಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಮೊದಲು ಗೊತ್ತಿಲ್ಲದ ಮೂವರು ಬೆಕ್ಕಿನ ಹೆಸರು ಕರೆದ ರೆಕಾರ್ಡಿಂಗ್ ಕೇಳಿಸಿದರು. ಆಮೇಲೆ ಮನೆಯವರ ದನಿ. ಗೊತ್ತಿಲ್ಲದವರ ದನಿ ಕೇಳಿ ಕೇಳಿ ಬೆಕ್ಕಿಗೆ ಬೇಸರವಾಗಿರುತ್ತಿತ್ತು. ಮನೆಯವರ ದನಿ ಬಂದ ಕೂಡಲೇ ಮತ್ತೆ ಗಮನ ಕೊಡುತ್ತಿತ್ತು. ಆದರೆ ಹೇಗೆ? ಕಿವಿ ತಿರುಗಿಸಿ, ತಲೆ ಹೊರಳಿಸಿ. ಎದ್ದು ಬರುವುದಾಗಲಿ, ಮಿಯಾಂವ್ ಅನ್ನುವುದಾಗಲಿ ಬಲು ಕಡಿಮೆ. ಓದುವಾಗ ನನಗೆ ಮಂಚದ ಕೆಳಗಿನ ಆ ಬಲಗಿವಿಯೇ ಕಣ್ಣ ಮುಂದೆ ಬಂತು. "ಬೆಕ್ಕಿಗೆ ಕರೆದ್ರೆ ಕೇಳಿಸೋದೇ ಇಲ್ಲ, ಸೊಕ್ಕು" ಅನ್ನುತ್ತೇವಲ್ವಾ? ಕೇಳಿಸಿರುತ್ತದೆ. ನಾವು ಕಾಲು ನೋಡುತ್ತೇವೆ, ಕಿವಿ ನೋಡುವುದಿಲ್ಲ.

ಅದೇ ಸೈತೊ 2019ರಲ್ಲಿ ಹೆಸರಿನ ಬಗ್ಗೆ ಇನ್ನೊಂದು ಪ್ರಯೋಗದ ಫಲ ಪ್ರಕಟಿಸಿದರು. ಹೆಸರಿನಷ್ಟೇ ಉದ್ದದ, ಅದೇ ಧಾಟಿಯ ನಾಲ್ಕು ಬೇರೆ ಶಬ್ದಗಳನ್ನು ಮೊದಲು ಹೇಳಿ, ಐದನೆಯದಾಗಿ ಬೆಕ್ಕಿನ ಹೆಸರು ಹೇಳಿದರು. ಬಹಳಷ್ಟು ಬೆಕ್ಕುಗಳು ತಮ್ಮ ಹೆಸರನ್ನು ಬೇರೆ ಮಾಡಿ ಗುರುತಿಸಿದವು. ಗೊತ್ತಿಲ್ಲದವರು ಹೇಳಿದರೂ ಗುರುತಿಸಿದವು. ಆದರೆ ಕ್ಯಾಟ್ ಕೆಫೆ, ಅಂದರೆ ಬೆಕ್ಕುಗಳನ್ನು ಸಾಕಿಟ್ಟ ಚಹಾದಂಗಡಿ, ಅಲ್ಲಿನ ಬೆಕ್ಕುಗಳ ಕಥೆ ಬೇರೆ. ಅಲ್ಲಿ ಬಂದವರೆಲ್ಲ ಎಲ್ಲ ಬೆಕ್ಕನ್ನೂ ಕರೆಯುತ್ತಾರೆ, ಮುದ್ದು ಮಾಡುತ್ತಾರೆ. ಆ ಬೆಕ್ಕುಗಳಿಗೆ ತಮ್ಮ ಹೆಸರಿಗೂ ಜೊತೆಯ ಬೆಕ್ಕುಗಳ ಹೆಸರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ.

ಇದನ್ನು ನಮ್ಮ ಓಣಿಗೆ ತಂದು ನೋಡಿ. ಒಂದು ಬೆಕ್ಕು, ಹತ್ತು ಮನೆ, ಹತ್ತು ಹೆಸರು. ಯಾರೋ ಸೋನಿ ಅಂದರು, ಯಾರೋ ಮನ್ನಿ ಅಂದರು, ಹುಡುಗರು ಚ್ ಚ್ ಚ್ ಅಂದರು. ಅವುಗಳ ನಡುವೆ ಒಬ್ಬರೇ ಒಬ್ಬರು ಒಂಬತ್ತು ವರ್ಷ, ದಿನಕ್ಕೆ ಎರಡು ಹೊತ್ತು, ಅದೇ ದನಿಯಲ್ಲಿ, ಅದೇ ಬಟ್ಟಲು ಬಡಿದು "ಬಾಳಾ" ಅಂದರು. ಬೆಕ್ಕಿಗೆ ಹೆಸರಾಗಿ ನಿಂತದ್ದು ಅದು.

ಕಲಿಯುವುದರಲ್ಲಿ ಬೆಕ್ಕು ಮಂದ ಅಲ್ಲವೇ ಅಲ್ಲ. ಜಪಾನಿನ ಅಜಾಬು ವಿಶ್ವವಿದ್ಯಾಲಯದ ಸಾಹೊ ತಕಾಗಿ ಮತ್ತು ತಂಡದವರು 2024ರಲ್ಲಿ ಪ್ರಕಟಿಸಿದ ಪ್ರಯೋಗ ಓದಿ ನಾನು ಬೆರಗಾದೆ. 31 ಬೆಳೆದ ಬೆಕ್ಕುಗಳು. ಪರದೆಯ ಮೇಲೆ ಎರಡು ಕಾರ್ಟೂನ್ ಚಿತ್ರ. ಒಂದಕ್ಕೆ 'ಕೆರಾರು', ಇನ್ನೊಂದಕ್ಕೆ 'ಪರುಮೋ' ಅಂತ ಹೆಸರು. ಅರ್ಥವಿಲ್ಲದ ಹುಟ್ಟಿಸಿದ ಶಬ್ದಗಳು. ಮನೆಯವರ ದನಿಯಲ್ಲೇ ಕೇಳಿಸಿದ್ದು. ಒಂದೊಂದನ್ನೂ ಕೆಲವು ಸೆಕೆಂಡುಗಳಂತೆ ಸ್ವಲ್ಪ ಸಲ ತೋರಿಸಿ, ಆಮೇಲೆ ಹೆಸರನ್ನು ಅದಲು ಬದಲು ಮಾಡಿದರು. ಬೆಕ್ಕುಗಳು ಪರದೆಯನ್ನು ಜಾಸ್ತಿ ಹೊತ್ತು ದಿಟ್ಟಿಸಿದವು. ಇದು ಅದರ ಹೆಸರಲ್ಲವಲ್ಲ ಅನ್ನುವ ಹಾಗೆ. ತಿಂಡಿ ಆಸೆ ತೋರಿಸಿರಲಿಲ್ಲ, ತರಬೇತಿ ಕೊಟ್ಟಿರಲಿಲ್ಲ. ನಾವು ಮಾತಾಡುವುದನ್ನು ಅವು ಸುಮ್ನೆ ಕೂತು ಕೇಳಿಸಿಕೊಳ್ಳುತ್ತವೆ.

ಇದು ನನಗೆ ಹೊಸದಲ್ಲ ಅಂತ ಆಮೇಲೆ ಹೊಳೆಯಿತು. ನನ್ನ ತವರು ಗದಗಿನ ಬೆಟಗೇರಿ. ನೇಕಾರರ ಮನೆ. ಅಜ್ಜ ಕುಣಿ ಮಗ್ಗದಲ್ಲಿ, ಅಂದರೆ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು, ಸೀರೆ ನೇಯುತ್ತಿದ್ದ. ಖಟ್ ಖಟ್ ಖಟ್ ಅಂತ ಮುಂಜಾನೆಯಿಂದ ಸಂಜೆಯವರೆಗೆ. ಮಗ್ಗದ ಪಕ್ಕದಲ್ಲೇ, ನೂಲಿನ ಚೀಲದ ಮೇಲೆ, ಒಂದು ಬೂದಿ ಬಣ್ಣದ ಬೆಕ್ಕು ಮಲಗಿರುತ್ತಿತ್ತು. ಅಷ್ಟು ಸದ್ದಿನಲ್ಲಿ ಅದಕ್ಕೆ ಹೇಗೆ ನಿದ್ದೆ ಬರುತ್ತದೆ ಅಂತ ನನಗೆ ಆಶ್ಚರ್ಯ. ಎಳೆ ಕಡಿದರೆ ಅಜ್ಜ ಮಗ್ಗ ನಿಲ್ಲಿಸಿ ಗಂಟು ಹಾಕುತ್ತಿದ್ದ. ಆಗ ಮನೆಯೆಲ್ಲ ಗಪ್ ಚಿಪ್. ಬೆಕ್ಕು ಕಣ್ಣು ಬಿಡುತ್ತಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಮಗ್ಗ ನಿಂತರೆ ಮಾತ್ರ ಥಟ್ಟನೆ ಎದ್ದು, ಮೈಮುರಿದು, ಅಜ್ಜನಿಗಿಂತ ಮೊದಲು ಅಡುಗೆಮನೆ ಬಾಗಿಲಲ್ಲಿ ಇರುತ್ತಿತ್ತು.

ಎರಡೂ ಸಲ ಮಗ್ಗ ನಿಲ್ಲುವುದು ಒಂದೇ ಥರ. ಅದಕ್ಕೆ ಹೇಗೆ ಗೊತ್ತಾಗುತ್ತದೆ ಅಂತ ಅಜ್ಜನನ್ನು ಕೇಳಿದ್ದೆ. "ನಾ ಏಳೂ ಮುಂದ ಶಿವಾ ಅಂತೀನಲ್ಲವಾ, ಅದು ಅದಕ್ಕ ಊಟದ ಗಂಟಿ" ಅಂದ. ಕುಣಿಯಿಂದ ಮೇಲೆ ಏಳುವಾಗ ಮೊಣಕಾಲು ನೋವಿಗೆ "ಶಿವಾ" ಅನ್ನುವುದು ಅಜ್ಜನ ರೂಢಿ. ಅದನ್ನು ಬೆಕ್ಕಿಗೆ ಯಾರೂ ಕಲಿಸಿರಲಿಲ್ಲ. ಅಜ್ಜ ಅದನ್ನು ಬೆಕ್ಕಿಗೆ ಅಂತ ಹೇಳುತ್ತಲೂ ಇರಲಿಲ್ಲ. ಆ ಶಬ್ದ ಬಂದ ಮೇಲೆ ರೊಟ್ಟಿ ಹಾಲು ಬರುತ್ತದೆ ಅಂತ ಅದೇ ಲೆಕ್ಕ ಹಾಕಿಕೊಂಡಿತ್ತು.

ಬೆಕ್ಕಿನ ಕಿವಿ ಅಂಥದ್ದು. ನಮಗೆ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗಿನ ಕೀಚಲು ದನಿ, ಅಂದರೆ ಸೆಕೆಂಡಿಗೆ 20 ಸಾವಿರ ಸಲ ನಡುಗುವ ದನಿ, ಕೇಳಿಸುತ್ತದೆ. ಅದಕ್ಕೆ ಸುಮಾರು 85 ಕಿಲೋಹರ್ಟ್ಸ್‌ವರೆಗೆ. ಇಲಿಮರಿ ತಾಯಿಯನ್ನು ಕರೆಯುವ, ನಮಗೆ ಕೇಳಿಸದ ಕೂಗು ಕೂಡ ಅದಕ್ಕೆ ಕೇಳುತ್ತದೆ. ಅಂಥ ಕಿವಿಗೆ ನಮ್ಮ ಮನೆಯ ಒಂದೊಂದು ಸದ್ದೂ ಒಂದೊಂದು ಸುದ್ದಿ. ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಪಟ್ ಪಟ್ ಸದ್ದಿಗೆ ಬಾಳಾ ತಲೆ ಎತ್ತುವುದಿಲ್ಲ. ಹಾಲಿನ ಪಾತ್ರೆಯ ಮುಚ್ಚಳ ತೆಗೆದರೆ ಮೂರು ಕೋಣೆ ಆಚೆಯಿಂದ ಬರುತ್ತದೆ.

ಇನ್ನೊಂದು ವಿಷಯ. ಪ್ಯಾರಿಸ್ಸಿನ ಶಾರ್ಲೆಟ್ ಡಿ ಮೂಜೋನ್ ಮತ್ತು ತಂಡ 2022ರಲ್ಲಿ 16 ಬೆಕ್ಕುಗಳ ಮೇಲೆ ಮಾಡಿದ ಕೆಲಸ. ಮನೆಯವರು ದೊಡ್ಡವರ ಜೊತೆ ಮಾತಾಡುವ ಧಾಟಿಯಿಂದ ಬೆಕ್ಕಿನ ಜೊತೆ ಮಾತಾಡುವ ಮುದ್ದಿನ ಧಾಟಿಗೆ ಹೊರಳಿದಾಗ ಬೆಕ್ಕು ಅದನ್ನು ಹಿಡಿಯುತ್ತದೆ. ಗೊತ್ತಿಲ್ಲದವರು ಅದೇ ಮುದ್ದು ಮಾಡಿದರೆ ಅದಕ್ಕೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ನಾನು ಎರಡು ದಿನ ಮಂಚದ ಮುಂದೆ ಬಗ್ಗಿ ಎಷ್ಟು ಮುದ್ದಿನಿಂದ ಕರೆದಿದ್ದೆ! ಅದಕ್ಕೆ ನಾನಿನ್ನೂ ಗುರುತಿನವಳಾಗಿರಲಿಲ್ಲ.

ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಮ್ಮ ಕಡೆ ಒಂದು ಮಾತಿದೆ. "ನಾಯಿ ಮಂದೀನ್ನ ಹಿಡಿತೈತಿ, ಬೆಕ್ಕು ಮನೀನ್ನ ಹಿಡಿತೈತಿ." ಬೆಕ್ಕಿಗೆ ಜಾಗದ ಮೇಲೆ ಹಿಡಿತ ಜಾಸ್ತಿ, ಅದು ನಿಜ. ಹೊಸ ಜಾಗ ಅಂದರೆ ಅದು ಹೆದರುತ್ತದೆ. ಆದರೆ ಈ ಮಾತನ್ನು ಹಿಡಿದುಕೊಂಡು ನಾವು ಏನೇನು ಮಾಡುತ್ತೇವೆ? ಮನೆ ಬದಲಿಸುವಾಗ ಬೆಕ್ಕನ್ನು ಅಲ್ಲೇ ಬಿಟ್ಟು ಹೋಗುತ್ತೇವೆ. ಮರಿ ಜಾಸ್ತಿಯಾದವು ಅಂತ ಗೋಣಿಚೀಲದಲ್ಲಿ ಹಾಕಿ ಕೆಲಗೇರಿ ದಾಟಿ ಯಾವುದೋ ಹೊಲದ ಹತ್ತಿರ ಬಿಟ್ಟು ಬರುತ್ತೇವೆ. "ಇಲಿ ಹಿಡದು ಬದುಕ್ತಾವು ಬಿಡ್ರಿ" ಅನ್ನುತ್ತೇವೆ. ಮನೆಯಲ್ಲಿ ಬೆಳೆದ ಬೆಕ್ಕು ಅಲ್ಲಿ ಕಳೆದುಕೊಳ್ಳುವುದು ಅನ್ನ ಒಂದನ್ನೇ ಅಲ್ಲ. ಯಾವ ಸದ್ದಿಗೆ ಹತ್ತಿರ ಹೋಗಬೇಕು, ಯಾವ ಸದ್ದಿಗೆ ಓಡಬೇಕು ಅಂತ ವರ್ಷಗಟ್ಟಲೆ ಕಲಿತದ್ದೆಲ್ಲ ಒಂದು ಹೊತ್ತಿನಲ್ಲಿ ಕೆಲಸಕ್ಕೆ ಬಾರದ ಹಾಗೆ ಆಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಆಪರೇಷನ್ ಮಾಡಿಸಿದರೆ ಮರಿ ಆಗುವುದಿಲ್ಲ. ಅದಕ್ಕೆ ದಾರಿ ಇದೆ.

ಕಾಕು ಥರ ಅನಿವಾರ್ಯವಾಗಿ ಕೊಡಲೇಬೇಕಾದವರೂ ಇದ್ದಾರೆ. ವಯಸ್ಸಾದವರು ಮಕ್ಕಳ ಊರಿಗೆ ಹೋಗುತ್ತಾರೆ. ಒಂಟಿಯಾಗಿದ್ದವರು ತೀರಿಕೊಳ್ಳುತ್ತಾರೆ. ಅಂಥ ಮನೆಗಳಲ್ಲಿ ನಾನು ಕೇಳಿಕೊಳ್ಳುವುದು ಇಷ್ಟೇ. ಬುಟ್ಟಿ ಬಟ್ಟಲಿನ ಜೊತೆ ಒಂದು ಚೀಟಿಯನ್ನೂ ಕೊಡಿ. ಅದರ ನಿಜವಾದ ಹೆಸರು, ಅಂದರೆ ನೀವು ದಿನಾ ಕರೆಯುವ ಹೆಸರು. ಊಟಕ್ಕೆ ಏನು ಅನ್ನುತ್ತೀರಿ, ಬೈಯುವಾಗ ಏನು ಅನ್ನುತ್ತೀರಿ, ರಾತ್ರಿ ಒಳಗೆ ಕರೆಯುವಾಗ ಏನು ಸದ್ದು ಮಾಡುತ್ತೀರಿ. ಸಾಧ್ಯವಾದರೆ ಮೊಬೈಲಿನಲ್ಲಿ ನಿಮ್ಮ ದನಿ ರೆಕಾರ್ಡ್ ಮಾಡಿ ಕೊಡಿ. ಎರಡು ನಿಮಿಷದ ಕೆಲಸ. ತೆಗೆದುಕೊಳ್ಳುವವರು ಕೂಡ ನಾಚಿಕೊಳ್ಳದೆ ಕೇಳಿ. ಮತ್ತೆ ಆ ಹೆಸರನ್ನು ಹಾಳು ಮಾಡಬೇಡಿ. ಔಷಧಿ ಕುಡಿಸುವಾಗ, ಬುಟ್ಟಿಗೆ ತುಂಬುವಾಗ ಹೆಸರು ಹಿಡಿದು ಕರೆಯಬೇಡಿ. ಸುಮ್ಮನೆ ಹೋಗಿ ಎತ್ತಿಕೊಳ್ಳಿ. ಹೆಸರು ಒಳ್ಳೆಯದಕ್ಕೆ ಮಾತ್ರ ಇರಲಿ.

ಬೆಕ್ಕು ಹೇಳುವ ಮಾತನ್ನೂ ಬರೆದು ಕೊಡಿ. ಯಾಕಂದರೆ ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ಮಿಯಾಂವ್ ಅನ್ನುವುದು ಅಪರೂಪ. ಆ ಕೂಗು ಹೆಚ್ಚಾಗಿ ನಮಗಾಗಿ. ಒಂದೊಂದು ಬೆಕ್ಕು ತನ್ನ ಮನೆಯವರ ಜೊತೆ ಒಂದೊಂದು ಥರ ರೂಢಿ ಮಾಡಿಕೊಂಡಿರುತ್ತದೆ. "ಬಾಯಿ ತಗದು ದನಿ ಬರದಂಗ ಕೂಗಿದ್ರ ಬಾಗಲಾ ತೆಗಿ ಅಂತ" ಅಂತ ಕಾಕು ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಕಾಕು ಹೇಳಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ. ಒಟ್ಟು ಹನ್ನೊಂದು ಇವೆ. ಒಂದೊಂದಾಗಿ ನನ್ನ ಬಾಯಿಗೂ ಅವು ಬಂದಿವೆ. ನಾನು ಹೇಳಿದರೆ ಈಗ ಬಾಳಾ ಕಿವಿ ತಿರುಗುವುದಷ್ಟೇ ಅಲ್ಲ, ಕಾಲೂ ಬರುತ್ತದೆ. ಪ್ರತಿ ಭಾನುವಾರ ಸಂಜೆ ಕಾಕು ಫೋನ್ ಮಾಡುತ್ತಾರೆ. ಮೊದಲು ನನ್ನ ಜೊತೆ ಮಾತು, ಆಮೇಲೆ ಫೋನ್ ನೆಲದ ಮೇಲೆ.

ಕಳೆದ ವಾರ ಗುಡುಗು ಜೋರಿತ್ತು, ಕರೆಂಟೂ ಹೋಗಿತ್ತು. ಬಾಳಾ ಮತ್ತೆ ಮಂಚದ ಕೆಳಗೆ ಸೇರಿಕೊಂಡಿತು. ಹಾಳೆಯಲ್ಲಿ ಏಳನೆಯದು ಗುಡುಗಿಗೆ. ಬಗ್ಗಿ, ಮೆಲ್ಲಗೆ, ಕಾಕು ಹೇಳಿಕೊಟ್ಟ ಹಾಗೇ "ಏನಿಲ್ಲ ಬಾಳಾ, ಏನಿಲ್ಲ, ಮ್ಯಾಲೆ ಅಕ್ಕಿ ಬೀಸಾಕತ್ತಾರ" ಅಂದೆ. ಇನ್ನೊಂದು ಗುಡುಗು ಬಂತು. ಮತ್ತೆ ಅಂದೆ. ಅದು ಬಂದು ನನ್ನ ಸೀರೆ ನೆರಿಗೆಯೊಳಗೆ ತಲೆ ಇಟ್ಟು ಕೂತಿತು.